ಎಚ್ ಇಲ್ಲದ ತಿಪ್ಪಮ್ಮ

ನಮ್ಮ ಸೋದರತ್ತೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವಾಗ ಯಾವತ್ತೂ ಬರಿಗೈಯಲ್ಲಿ ಬಂದವರಲ್ಲ. ಸೀತಾಫಲದ ಕಾಲದಲ್ಲಿ ಸೀತಾಫಲ, ಶೇಂಗಾ ಕಿತ್ತ ಹೊತ್ತಿನಲ್ಲಿ ಒಂದು ಚೀಲ ಹಸಿ ಶೇಂಗಾ, ಏನೂ ಇಲ್ಲದ ಬೇಸಿಗೆಯಲ್ಲಿ ಉಂಡೆ ಕಟ್ಟಿದ ಹುಣಸೆಹಣ್ಣಾದರೂ ಸರಿ. ಎಣ್ಣೆ ಗಿರಣಿಗಳ ಊರಿಗೆ ಶೇಂಗಾ ತರುವುದೇಕೆ ಎಂದು ನಾವು ನಗುತ್ತಿದ್ದೆವು. ಅವರು ತರುವುದನ್ನು ಬಿಡುತ್ತಿರಲಿಲ್ಲ. ಆ ದಿನ ಮಾತ್ರ ಬಸ್ಸಿಳಿದು ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ರೇಷನ್ ಕಾರ್ಡು, ಆಧಾರ್ ಕಾರ್ಡು, ಓಟಿನ ಚೀಟಿ, ಬ್ಯಾಂಕಿನ ಪಾಸ್ ಪುಸ್ತಕ, ಮಾವನವರ ಮರಣಪತ್ರ, ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು.

ಹಜಾರದ ಚಾಪೆಯ ಮೇಲೆ ಅವನ್ನೆಲ್ಲ ಹರಡಿ, ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ನಾಕು ತಿಂಗಳಾತು ಕಣೇ, ಪಿಂಚಣಿ ರೊಕ್ಕ ಬಂದಿಲ್ಲ. ಹೋಗಿ ಕೇಳಿದ್ರೆ, ನಾನು ನಾನಲ್ವಂತೆ."

ಎಪ್ಪತ್ತು ದಾಟಿದ ಹೆಂಗಸು. ಹದಿನಾಲ್ಕನೆಯ ವಯಸ್ಸಿನಿಂದ ರೇಷ್ಮೆ ನೂಲು ಸುತ್ತಿದವರು. ಮೊಳಕಾಲ್ಮೂರು ಸೀರೆಯ ಮಾತು ಬಂದಾಗ ಜನ ಮಗ್ಗದ ಮೇಲೆ ಕೂತವನನ್ನು ನೆನೆಯುತ್ತಾರೆ. ಮಗ್ಗದ ಹಿಂದೆ, ಕತ್ತಲೆ ಮೂಲೆಯಲ್ಲಿ, ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತಿ ಕೊಡುವವಳ ಹೆಸರನ್ನು ಯಾರೂ ಕೇಳುವುದಿಲ್ಲ. ಹಾಗೆ ಯಾರೂ ಕೇಳದಿದ್ದ ಹೆಸರು ಈಗ ಇದ್ದಕ್ಕಿದ್ದಂತೆ ಬಹಳ ಮುಖ್ಯವಾಗಿಬಿಟ್ಟಿತ್ತು.

ಅತ್ತೆಯ ನಿಜವಾದ ಹೆಸರು ಇಲ್ಲಿ ಬೇಡ. ತಿಪ್ಪಮ್ಮ ಎಂದಿಟ್ಟುಕೊಳ್ಳೋಣ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸೀಮೆಯಿದು. ನಮ್ಮ ಕಡೆ ಬೀದಿಗೊಬ್ಬ ತಿಪ್ಪೇಸ್ವಾಮಿ, ಮನೆಗೊಬ್ಬ ತಿಪ್ಪಮ್ಮ ಇದ್ದೇ ಇರುತ್ತಾರೆ. ಹಾಗಾಗಿ ಯಾರಿಗೂ ಬೇಜಾರಿಲ್ಲ.

ಮಾರನೆಯ ದಿನ ನಾನೇ ಅವರ ಜೊತೆ ಹೋದೆ. ಯಾವ ಕಚೇರಿ ಎನ್ನುವುದು ಮುಖ್ಯವಲ್ಲ, ಎಲ್ಲ ಕಚೇರಿಯಲ್ಲೂ ಅದೇ ಮೇಜು, ಅದೇ ಫ್ಯಾನು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಒರಟನೇನೂ ಅಲ್ಲ. "ಕೂತ್ಕೊಳ್ಳಿ ಅಜ್ಜಿ" ಎಂದ. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. ಒಂದು ಕಡೆ ಇಂಗ್ಲಿಷಿನಲ್ಲಿ ಟಿ ಆದ ಮೇಲೆ ನೇರವಾಗಿ ಐ ಇತ್ತು. ಇನ್ನೊಂದು ಕಡೆ ಟಿಗೂ ಐಗೂ ನಡುವೆ ಒಂದು ಎಚ್ ಕೂತಿತ್ತು. "ಹೆಸರು ಮ್ಯಾಚ್ ಆಗ್ತಿಲ್ಲ ಮೇಡಂ. ಸಿಸ್ಟಮ್ಮು ತಗೊಳ್ಳಲ್ಲ." ಇಬ್ಬರೂ ಒಬ್ಬರೇ ಎಂದು ಅವನಿಗೂ ಗೊತ್ತು, ನನಗೂ ಗೊತ್ತು, ಅತ್ತೆಗಂತೂ ಗೊತ್ತೇ ಇದೆ. ಗೊತ್ತಿಲ್ಲದ್ದು ಯಂತ್ರಕ್ಕೆ. ಆದರೆ ಹಣ ಬಿಡುಗಡೆ ಮಾಡುವುದು ಅದೇ.

ಕನ್ನಡದಲ್ಲಿ ಇದು ಜಗಳವೇ ಅಲ್ಲ. ನಮಗೆ ತ ಬೇರೆ, ಟ ಬೇರೆ, ಥ ಬೇರೆ. ಇಂಗ್ಲಿಷಿನ ಒಂದು ಟಿ ಈ ಎಲ್ಲಕ್ಕೂ ದುಡಿಯಬೇಕು. ಅದಕ್ಕೇ ದಕ್ಷಿಣದ ನಾವು ತಕಾರ ತೋರಿಸಲು ಪಕ್ಕದಲ್ಲಿ ಎಚ್ ಇಡುವ ರೂಢಿ ಮಾಡಿಕೊಂಡೆವು. ಕೆಲವರು ಇಡುತ್ತಾರೆ, ಕೆಲವರು ಇಡುವುದಿಲ್ಲ. ಎರಡೂ ತಪ್ಪಲ್ಲ. ಅಂದರೆ ಎರಡೂ ಸರಿಯಿರುವ ಕಡೆ ಅತ್ತೆ ತಪ್ಪಾದರು.

ರಾತ್ರಿ ಮಗಳಿಗೆ ಫೋನು ಮಾಡಿದೆ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನನ್ನ ಸಿಟ್ಟನ್ನೆಲ್ಲ ಕೇಳಿಸಿಕೊಂಡು ಅವಳು ನಕ್ಕಳು. "ಅಮ್ಮಾ, ನಿನ್ನ ಎಚ್ ಏನೂ ದೊಡ್ಡದಲ್ಲ. ಟರ್ಕಿಯವರ ಚುಕ್ಕಿಯ ಕತೆ ಕೇಳು" ಎಂದಳು. ಆ ಕತೆ ನನ್ನನ್ನು ಎಷ್ಟು ದಿನ ಕಾಡಿತೆಂದರೆ, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ. ನಿಮಗೂ ಹೇಳಿಬಿಡುತ್ತೇನೆ.

ಇಂಗ್ಲಿಷಿನ ಐ ಅಕ್ಷರವನ್ನು ನೆನಪಿಸಿಕೊಳ್ಳಿ. ಸಣ್ಣ ಐಗೆ ತಲೆಯ ಮೇಲೆ ಚುಕ್ಕಿ ಇದೆ. ದೊಡ್ಡದು ಮಾಡಿದರೆ ಚುಕ್ಕಿ ಹೋಗಿ ಬರೀ ಕಂಬ ನಿಲ್ಲುತ್ತದೆ. ಶಾಲೆಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ನಾವೆಲ್ಲ ತಿದ್ದಿದವರೇ. ಈ ಚುಕ್ಕಿ ಯಾಕೆ ಬಂತು ಯಾಕೆ ಹೋಯಿತು ಎಂದು ಯಾವತ್ತಾದರೂ ಕೇಳಿದೆವೆ? ಟರ್ಕಿಯವರು ಕೇಳಿದರು. ೧೯೨೮ರ ನವೆಂಬರಿನಲ್ಲಿ ಅಲ್ಲಿ ಕಾನೂನೇ ಬಂದು ಅರಬ್ಬೀ ಲಿಪಿ ಹೋಗಿ ರೋಮನ್ ಲಿಪಿ ಬಂತು. ಅತಾತುರ್ಕ್ ತಾನೇ ಕರಿಹಲಗೆಯ ಪಕ್ಕ ನಿಂತು ಊರೂರಲ್ಲಿ ಹೊಸ ಅಕ್ಷರ ಕಲಿಸಿದ. ಅವರ ಭಾಷೆಯಲ್ಲಿ ಎರಡು ಸ್ವರಗಳಿವೆ. ಒಂದು ನಮ್ಮ 'ಇ'. ಇನ್ನೊಂದು, ತುಟಿಯನ್ನು ಮುಂದಕ್ಕೆ ಮಾಡದೆ 'ಉ' ಎಂದರೆ ಹೊರಡುವ ಸದ್ದು. (ನಾನು ಅಡುಗೆಮನೆಯಲ್ಲಿ ಪ್ರಯತ್ನಿಸಿ ನೋಡಿದೆ, ಅತ್ತೆ ಹೊಟ್ಟೆನೋವಾ ಎಂದು ಕೇಳಿದರು.) ಇವೆರಡಕ್ಕೆ ಬೇರೆ ಬೇರೆ ಅಕ್ಷರ ಬೇಕಲ್ಲ? ಮೊದಲನೆಯದಕ್ಕೆ ಚುಕ್ಕಿಯಿರುವ ಐ, ಎರಡನೆಯದಕ್ಕೆ ಚುಕ್ಕಿಯಿಲ್ಲದ ಐ. ಚುಕ್ಕಿಯಿರುವುದು ದೊಡ್ಡದಾದರೂ ಚುಕ್ಕಿ ಉಳಿಯಬೇಕು. ಇಲ್ಲದ್ದು ದೊಡ್ಡದಾದರೂ ಬರಬಾರದು. ಅವರು ಇಸ್ತಾಂಬುಲ್ ಎಂದು ಬರೆಯುವಾಗ ಮೊದಲ ದೊಡ್ಡ ಅಕ್ಷರದ ತಲೆಯ ಮೇಲೂ ಚುಕ್ಕಿ ಇರುತ್ತದೆ. ಎಷ್ಟು ಕ್ರಮಬದ್ಧ ನೋಡಿ, ಇಂಗ್ಲಿಷಿಗಿಂತ ಇದೇ ನ್ಯಾಯವಾದದ್ದು ಎಂದು ನನಗನ್ನಿಸುತ್ತದೆ.

ಆಮೇಲೆ ಕಂಪ್ಯೂಟರು ಬಂತು. ಪ್ರೋಗ್ರಾಂ ಬರೆದವರು ಇಂಗ್ಲಿಷ್ ಲೆಕ್ಕದಲ್ಲಿ ಬರೆದರು. ಯಾರೋ ಒಂದು ಪದವನ್ನು ಸಣ್ಣಕ್ಷರದಲ್ಲಿ ಬರೆಯಬಹುದು, ಇನ್ನೊಬ್ಬರು ದೊಡ್ಡಕ್ಷರದಲ್ಲಿ ಬರೆಯಬಹುದು. ಆದ್ದರಿಂದ ಎರಡನ್ನೂ ದೊಡ್ಡದು ಮಾಡಿ ಹೋಲಿಸಿದರೆ ಸರಿಹೋಯಿತು ಎಂಬುದು ಅವರ ಉಪಾಯ. 'ಫೈಲ್' ಎಂಬ ಪದವನ್ನೇ ತೆಗೆದುಕೊಳ್ಳಿ, ಅದರ ಎರಡನೆಯ ಅಕ್ಷರ ಐ. ಅಮೆರಿಕದಲ್ಲಿ ಅದನ್ನು ದೊಡ್ಡದು ಮಾಡಿದರೆ ಚುಕ್ಕಿ ಹೋಗುತ್ತದೆ, ಪಟ್ಟಿಯಲ್ಲಿರುವ ಪದಕ್ಕೆ ಹೊಂದುತ್ತದೆ. ಟರ್ಕಿ ಭಾಷೆಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಓಡಿದಾಗ, ಕಂಪ್ಯೂಟರು ಟರ್ಕಿಯ ನಿಯಮ ಪಾಲಿಸಿ ಚುಕ್ಕಿ ಉಳಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಚುಕ್ಕಿ ಇಲ್ಲ. ಮ್ಯಾಚ್ ಆಗಲಿಲ್ಲ! ಲೋಕವೆಲ್ಲ ಓಡುತ್ತಿದ್ದ ಪ್ರೋಗ್ರಾಂ ಅಲ್ಲಿ ಮಾತ್ರ ಮುಗ್ಗರಿಸುತ್ತದೆ. ಮಗಳ ವೃತ್ತಿಯವರಲ್ಲಿ 'ಟರ್ಕಿ ಪರೀಕ್ಷೆ' ಎಂಬ ಮಾತೇ ಇದೆಯಂತೆ. ನಿನ್ನ ಪ್ರೋಗ್ರಾಂ ಟರ್ಕಿಯಲ್ಲಿ ಸರಿಯಾಗಿ ನಡೆದರೆ ಎಲ್ಲಿ ಬೇಕಾದರೂ ನಡೆದೀತು ಎಂದು. ಪರಿಹಾರವೇನೂ ಕಷ್ಟದ್ದಲ್ಲವಂತೆ. ಯಾವ ಭಾಷೆಯ ನಿಯಮದಂತೆ ದೊಡ್ಡದು ಮಾಡಬೇಕು ಎಂದು ಬರೆಯುವಾಗಲೇ ಒಂದು ಮಾತು ಹೇಳಿಬಿಟ್ಟರೆ ಸಾಕು. ಲೋಕದ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಟ್ಟ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಟರ್ಕಿ ಮತ್ತು ಅಜರ್‌ಬೈಜಾನಿನ ಭಾಷೆಗಳಿಗಾಗಿ ಈ ವಿನಾಯಿತಿಯನ್ನು ಬರೆದೂ ಇಟ್ಟಿದ್ದಾರೆ. ನೆನಪು ಮಾಡಿಕೊಳ್ಳಬೇಕಷ್ಟೆ.

ನೆನಪು ಮಾಡಿಕೊಳ್ಳದಿದ್ದರೆ? ೨೦೦೮ರಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು, ಆಮೇಲೆ ಲೋಕವೆಲ್ಲ ಹರಡಿತು. ಬೇರೆಯಾಗಿ ಬದುಕುತ್ತಿದ್ದ ಗಂಡ ಹೆಂಡತಿ. ಗಂಡ ಮೊಬೈಲಿನಲ್ಲಿ ಒಂದು ಸಂದೇಶ ಬರೆದ. ವಾದದಲ್ಲಿ ಸಿಕ್ಕಿಬಿದ್ದಾಗಲೆಲ್ಲ ನೀನು ಮಾತು ಬದಲಿಸುತ್ತೀ ಎಂಬರ್ಥದ ಮಾತು. ಫೋನಿನಲ್ಲಿ ಚುಕ್ಕಿಯಿಲ್ಲದ ಐ ಇರಲಿಲ್ಲ. ಚುಕ್ಕಿ ಬಂದು ಕೂತೊಡನೆ ಆ ಪದ ಹೆಣ್ಣುಮಕ್ಕಳ ಮುಂದೆ ಆಡಬಾರದ ಹೊಲಸು ಮಾತಾಯಿತು. ಅವಳು ತಂದೆಗೆ ತೋರಿಸಿದಳು. ಕ್ಷಮೆ ಕೇಳಲು ಬಂದವನ ಮೇಲೆ ಮನೆಯವರು ಬಿದ್ದರು. ಆ ಗದ್ದಲದಲ್ಲಿ ಅವನ ಕೈಯ ಚೂರಿಗೆ ಅವಳು ಸತ್ತಳು. ಆಮೇಲೆ ಜೈಲಿನಲ್ಲಿ ಅವನೂ ಜೀವ ತೆಗೆದುಕೊಂಡ.

ಚುಕ್ಕಿಯೊಂದು ಇಬ್ಬರನ್ನು ಕೊಂದಿತು ಎಂದು ಸುದ್ದಿಗೆ ತಲೆಬರಹ ಕೊಟ್ಟವರಿದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಚೂರಿ ಹಿಡಿದದ್ದು ಚುಕ್ಕಿಯಲ್ಲ. ಒಂದು ಮಾತಿಗೆ ಹೆಣ್ಣಿನ ಮಾನ ಹೋಯಿತೆಂದು ಎದ್ದು ನಿಂತವರು, ಆ ಮಾನಕ್ಕಾಗಿ ಅವಳ ಪ್ರಾಣವೇ ಹೋದೀತೆಂದು ಯೋಚಿಸದವರು, ಅವರೆಲ್ಲ ಆ ಫೋನಿಗಿಂತ ಎಷ್ಟೋ ಹಿಂದಿನಿಂದ ಇದ್ದವರು. ಹಾಗೆಂದು ಫೋನು ಮಾಡಿದವರದು ಏನೂ ಇಲ್ಲವೆ? ಆ ದೇಶದಲ್ಲಿ ಮಾರುವ ಫೋನಿಗೆ ಆ ದೇಶದ ಅಕ್ಷರ ಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಅಥವಾ ಹೊಳೆದರೂ, ಒಂದು ಚುಕ್ಕಿ ತಾನೆ, ಅರ್ಥ ಮಾಡಿಕೊಳ್ಳುತ್ತಾರೆ ಬಿಡು ಎಂದುಕೊಂಡಿರಬೇಕು.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ, ನಮಗೇಕೆ ಈ ಕತೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಗ ನೆನಪಾದದ್ದು ಇಪ್ಪತ್ತು ವರ್ಷದ ಹಿಂದಿನ ಒಂದು ಲಗ್ನಪತ್ರಿಕೆ. ನನ್ನ ತಮ್ಮನ ಮಗಳ ಮದುವೆ. ಒಂದು ಡಿಟಿಪಿ ಅಂಗಡಿಯಲ್ಲಿ ಅಚ್ಚಿಗೆ ಕೊಟ್ಟಿದ್ದೆವು. 'ದೇವರ ಕೃಪೆಯಿಂದ' ಎಂದು ಶುರುವಾಗಬೇಕಾದ ಕರಡಿನಲ್ಲಿ 'ಚೇವರ ಕೃಪೆಯಿಂದ' ಎಂದಿತ್ತು. ತಿದ್ದಿಕೊಟ್ಟೆ. ಮತ್ತೆ ಚೇವರೇ. ನಮ್ಮಮ್ಮ ಇದು ಅಪಶಕುನವೆಂದು ಮುಖ ಸಣ್ಣ ಮಾಡಿದರು. ಅಂಗಡಿಯ ಹುಡುಗ, "ನಾನು ದ ಅಂತಾನೇ ಹೊಡೀತೀನಿ ಮೇಡಂ, ಅದು ತಾನಾಗೇ ಚ ಮಾಡ್ಕೊಳ್ಳುತ್ತೆ" ಎಂದ. ನಾನು ನಂಬಲಿಲ್ಲ. ಹುಡುಗನದೇ ಉದಾಸೀನ ಎಂದು ಗದರಿಸಿಯೂ ಬಿಟ್ಟೆ.

ಹುಡುಗ ಹೇಳಿದ್ದು ಸತ್ಯವಾಗಿತ್ತು ಎಂದು ನನಗೆ ತಿಳಿದದ್ದು ಈಗ, ಮಗಳಿಂದ. ಆಗಿನ ಕನ್ನಡ ಅಕ್ಷರಶೈಲಿಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡವೇ ಇರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರ, ಹೊರಗೆ ಕನ್ನಡದ ಅಂಗಿ. ಆ ಅಂಗಡಿಯಲ್ಲಿದ್ದ ಶೈಲಿಯಲ್ಲಿ ಇಂಗ್ಲಿಷಿನ ಕೊನೆಯಕ್ಷರದ ಸಣ್ಣ ರೂಪಕ್ಕೆ ದಕಾರದ ಅಂಗಿ ತೊಡಿಸಿದ್ದರು, ದೊಡ್ಡ ರೂಪಕ್ಕೆ ಚಕಾರದ್ದು. ಬರವಣಿಗೆಯ ಪ್ರೋಗ್ರಾಂ ಅಂಗಿ ನೋಡುವುದಿಲ್ಲ. ವಾಕ್ಯದ ಮೊದಲಕ್ಷರ ಸಣ್ಣದಿದೆ, ಪಾಪ ತಿಳಿಯದೆ ಬರೆದಿದ್ದಾರೆ, ದೊಡ್ಡದು ಮಾಡೋಣ ಎಂದು ಉಪಕಾರ ಮಾಡುತ್ತದೆ. ದೇವರು ಚೇವರಾದದ್ದು ಹಾಗೆ. ಅದೇ ಲೆಕ್ಕದಲ್ಲಿ, ಎಲ್ಲವನ್ನೂ ಸಣ್ಣದು ಮಾಡು ಎಂದರೆ ನಮ್ಮ ಚಳ್ಳಕೆರೆಯ ಮೊದಲಕ್ಷರವೇ ದಕಾರವಾಗಿಬಿಡುತ್ತದೆ. ಆ ಹುಡುಗ ಈಗ ಎಲ್ಲಿದ್ದಾನೋ. ಕಂಡರೆ ಕ್ಷಮೆ ಕೇಳಬೇಕೆಂದಿದೆ.

ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. ೧೯೯೧ರ ಮೊದಲ ಪಟ್ಟಿಯಲ್ಲೇ ನಮ್ಮ ಲಿಪಿಗೆ ಜಾಗ ಸಿಕ್ಕಿತ್ತು, ಮನೆಮನೆಗೆ ಬರಲು ಮಾತ್ರ ಬಹಳ ವರ್ಷ ಹಿಡಿಯಿತು. ಕೀಲಿಮಣೆಯ ಮಟ್ಟಿಗೆ ನಾವು ಕೆ.ಪಿ. ರಾವ್ ಅವರನ್ನು ನೆನೆಯಬೇಕು. ಅವರು ರೂಪಿಸಿದ ಕ್ರಮದಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ದೊಡ್ಡ ಎಲ್ ಒತ್ತಿದರೆ ಳ. ಎಷ್ಟು ಸರಳ! ಇಂಗ್ಲಿಷಿನವರಿಗೆ ಒಂದೇ ಅಕ್ಷರದ ಎರಡು ವೇಷ, ನಮಗೆ ಎರಡು ಬೇರೆ ಅಕ್ಷರ. ಶಿಫ್ಟ್ ತಪ್ಪಿದರೆ ಹಳ್ಳಿ ಹೋಗಿ ಹಲ್ಲಿ ಬಂತು. ಇವನ್ನು ಒಂದೇ ಎಂದು ಯಾವ ಯಂತ್ರವೂ ತಿಳಿಯಬಾರದು.

ಇನ್ನು ಕೆಲವು ಕಡೆ, ಒಂದೇ ಎಂದು ತಿಳಿಯಬೇಕಾದ್ದನ್ನು ಎರಡೆಂದು ತಿಳಿಯುತ್ತದೆ. ಮೊಳಕಾಲ್ಮೂರನ್ನೇ ನೋಡಿ. ಲಕಾರದ ಕೆಳಗೆ ಮಕಾರದ ಒತ್ತು ಕೊಟ್ಟು ಬರೆಯುವವರು ನಾವು. ಕೆಲವರು ಬಿಡಿಸಿ 'ಮೊಳಕಾಲ್‌ಮೂರು' ಎಂದು ಬರೆಯುತ್ತಾರೆ. ಹಾಗೆ ಬಿಡಿಸಿ ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಂತೆ. ಓದುವ ನಮಗೆ ಊರು ಒಂದೇ, ಯಂತ್ರಕ್ಕೆ ಎರಡು. ಅದೂ ಹೋಗಲಿ, ಮೊದಲಕ್ಷರ 'ಮೊ' ಇದೆಯಲ್ಲ, ಅದನ್ನೇ ಎರಡು ರೀತಿ ಇಡಬಹುದು. ಓತ್ವವನ್ನು ಒಂದೇ ಗುರುತಾಗಿ ಇಡಬಹುದು, ಇಲ್ಲವೇ ಏತ್ವ ಮತ್ತು ಕೊಂಬಿನ ಇಳಿ ಎಂದು ಎರಡಾಗಿ ಇಡಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಇವೆರಡೂ ಸಮಾನ ಎಂದು ಯೂನಿಕೋಡಿನವರೇ ಬರೆದಿದ್ದಾರೆ, ಆದರೆ ಅದನ್ನು ಪಾಲಿಸದ ಪ್ರೋಗ್ರಾಂ ಹುಡುಕಿದರೆ, ಇಂಥ ಊರೇ ಇಲ್ಲ ಎನ್ನುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ಕಾಗುಣಿತ ಹೇಳಿಕೊಟ್ಟ ನನಗೆ ಇದನ್ನು ಕೇಳಿ ನಗುವೂ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ನಮ್ಮ ಓತ್ವ ಅಷ್ಟು ದೂರ ಹೋಗಿ ದೊಡ್ಡವರಿಗೆ ತಲೆಬಿಸಿ ಮಾಡಿದೆಯಲ್ಲ!

ಈಗ ಅತ್ತೆಯ ಕಡೆ ಬರೋಣ. "ಯಾರೂ ಬೇಕೂಂತ ಮಾಡಿದ್ದಲ್ಲ ಅಮ್ಮ" ಎಂದಳು ಮಗಳು. ಸರಿಯೇ. ಅತ್ತೆಗೆ ಕೆಡುಕಾಗಲಿ ಎಂದು ಯಾರೂ ಬಯಸಲಿಲ್ಲ. ಪಾಪವೆಂದರೆ ಮನಸ್ಸಿನಲ್ಲಿ ಹುಟ್ಟಬೇಕು, ಕೆಟ್ಟ ಮನಸ್ಸಿಲ್ಲದ ಕಡೆ ಪಾಪವಿಲ್ಲ ಎಂದೇ ನಾವು ನಂಬಿ ಬೆಳೆದವರು. ಹಾಗಾದರೆ ನಾಲ್ಕು ತಿಂಗಳು ಮಾತ್ರೆಗೆ ಕಾಸಿಲ್ಲದೆ ಅತ್ತೆ ಕೂತದ್ದಕ್ಕೆ ಏನೆನ್ನಬೇಕು? ನನಗೆ ನೆನಪಾದದ್ದು ನಾನು ಹೊಸದಾಗಿ ಮದುವೆಯಾಗಿ ಬಂದ ತುಂಬಿದ ಮನೆ. ಗಂಡಸರು, ಮಕ್ಕಳು, ಹಿರಿಯರು ಉಂಡ ಮೇಲೆ ಸೊಸೆಯಂದಿರ ಊಟ. ಎಷ್ಟೋ ದಿನ ಕೊನೆಗೆ ಕೂತವಳಿಗೆ ಸಾರಿನ ತಿಳಿ ಮಾತ್ರ ಉಳಿಯುತ್ತಿತ್ತು. ಇವಳು ಉಪವಾಸವಿರಲಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಅತ್ತೆಮ್ಮ ಒಳ್ಳೆಯವರು. ಅಕ್ಕಿ ಅಳೆಯುವಾಗ ನನ್ನನ್ನು ಲೆಕ್ಕಕ್ಕೆ ಹಿಡಿದಿರುತ್ತಿರಲಿಲ್ಲ, ಅಷ್ಟೆ. ಆ ಹಸಿವು ನಿಜವಾಗಿತ್ತು. ಅದಕ್ಕೆ ಕಾರಣ ಕೇಳಹೋದರೆ ಯಾರ ಮುಖಕ್ಕೂ ಬೊಟ್ಟು ಮಾಡುವಂತಿರಲಿಲ್ಲ. ಪಾವಿನಲ್ಲಿ ಅಳೆಯುವವರು ಮನೆಯಲ್ಲಿ ಎಷ್ಟು ಜನ ಎಂದು ಎಣಿಸಬೇಕು, ಎಣಿಸದಿರುವುದೂ ಒಂದು ತಪ್ಪೇ ಎಂದು ಈಗ ನನಗನ್ನಿಸುತ್ತದೆ. ಕೆಟ್ಟತನದಷ್ಟು ದೊಡ್ಡ ತಪ್ಪಲ್ಲದಿರಬಹುದು. ಆದರೆ ಉಣ್ಣದೆ ಎದ್ದವಳ ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಚೇರಿಯ ಹುಡುಗ ಸೂಚಿಸಿದ ಪರಿಹಾರವೂ ನಮಗೆ ಹೊಸದಲ್ಲ. ಅಜ್ಜಿ ಹೆಸರು ಬದಲಿಸಿಕೊಳ್ಳಲಿ. ಹೊಂದಿಕೊಂಡು ಹೋಗಿ! ನಮ್ಮಲ್ಲಿ ಯಾವ ಹೆಣ್ಣುಮಗಳು ಈ ಮಾತು ಕೇಳಿಲ್ಲ ಹೇಳಿ? ಅತ್ತೆಗಾದರೂ ಇದು ಮೊದಲ ಸಲವಲ್ಲ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಗೆ ಕಾಲಿಟ್ಟ ದಿನ ಅಕ್ಕಿಯ ಮೇಲೆ ಬರೆದ ಇನ್ನೊಂದು ಹೆಸರು. ಗಂಡನ ಮನೆಯಲ್ಲಿ ತೆಲುಗು, ಅಲ್ಲಿ ಕೂಗುತ್ತಿದ್ದದ್ದು ಮತ್ತೊಂದು ರೀತಿ. ಎಲ್ಲಕ್ಕೂ ಅವರು 'ಹ್ಞೂಂ' ಎಂದು ಓಗೊಟ್ಟವರು.

ಯಂತ್ರವೇ ಸ್ವಲ್ಪ ಸಡಿಲವಾಗಿರಬಾರದೆ ಎಂದು ನಾನು ಮಗಳಿಗೆ ಕೇಳಿದೆ. ಒಂದು ಎಚ್ ಹೆಚ್ಚೋ ಕಡಿಮೆಯೋ ಇದ್ದರೆ ಒಪ್ಪಿಕೊಂಡರೇನು? ಇದಕ್ಕೆ ಉತ್ತರ ಕೊಟ್ಟದ್ದು ಮಗಳಲ್ಲ, ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ. "ಹಂಗೆ ಸಡ್ಲ ಬಿಟ್ರೆ, ಮ್ಯಾಗಳ ಬೀದಿ ತಿಪ್ಪಮ್ಮ ನನ್ನ ರೊಕ್ಕ ಇಸ್ಕಂಡು ಹೋಗಂಗಿಲ್ವೇನೇ? ಆಕೀದು ಎಚ್ಚಿಂದೇ ಇರಬೌದು!" ನಾನು ಬೆಪ್ಪಾದೆ. ಅಕ್ಷರ ಕಾಯಬೇಕಾದ ಜಾಗವೂ ಇದೆ, ಬಿಟ್ಟುಕೊಡಬೇಕಾದ ಜಾಗವೂ ಇದೆ. ಹಳ್ಳಿ ಹಲ್ಲಿಯಾಗಬಾರದು, ಟರ್ಕಿಯ ಚುಕ್ಕಿ ಅಳಿಯಬಾರದು. ಅತ್ತೆಯ ಎಚ್ ಮಾತ್ರ ಅಡ್ಡ ಬರಬಾರದು. ಯಾವುದು ಯಾವಾಗ ಎಂದು ತಿಳಿಯಲು ಆ ಭಾಷೆ ಗೊತ್ತಿರಬೇಕು, ಆ ಮನುಷ್ಯರು ಗೊತ್ತಿರಬೇಕು. ಅದು ಆಗದಿದ್ದಾಗ, ಸಂಶಯ ಬಂದಾಗ, ಓಡಾಡುವ ಕಷ್ಟ ಯಾರದು? ನಿಯಮ ಮಾಡಿದವರೇ ಬಂದು ವಿಚಾರಿಸಲಿ, ಅಲ್ಲಿಯವರೆಗೆ ಹಣ ನಿಲ್ಲದಿರಲಿ ಎನ್ನುವುದು ನನ್ನ ಪಕ್ಷ. ೨೦೨೩ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ ನಿಜ. ಬಿಸಿಲಿಗೆ, ಮಂಡಿನೋವಿಗೆ, ಕಳೆದುಹೋದ ದಿನಕ್ಕೆ ಯಾವ ಟಿಕೆಟ್ಟು?

ಇಷ್ಟೆಲ್ಲ ನ್ಯಾಯ ಹೇಳಿದ ಮೇಲೆ ಒಂದು ಸಂಜೆ ಅತ್ತೆಯ ಪಾಸ್ ಪುಸ್ತಕದ ಮೊದಲ ಪುಟವನ್ನು ಸರಿಯಾಗಿ ನೋಡಿದೆ. ಖಾತೆ ತೆರೆದ ದಿನ ಕಂಡಿತು. ಆ ದಿನ ಅರ್ಜಿ ತುಂಬಿದ್ದು ನಾನು. ಆಧಾರ್ ಕಾರ್ಡನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅದರಲ್ಲಿ ಎಚ್ ಇರಲಿಲ್ಲ. ಯಾರೋ ತಿಳಿಯದವರು ಬಿಟ್ಟಿದ್ದಾರೆ, ಮೇಡಂ ಎನ್ನಿಸಿಕೊಂಡ ನಾನು ಸರಿಯಾಗಿ ಬರೆಯೋಣ ಎಂದು ದುಂಡಗೆ ಎಚ್ ಸೇರಿಸಿದ್ದೆ. ದೇವರನ್ನು ಚೇವರು ಮಾಡಿದ ಪ್ರೋಗ್ರಾಮಿನ ಉಪಕಾರವೇ ಇದು.

ಒಂದು ನೆನಪಾದರೆ ಉಳಿದವೂ ಸಾಲಾಗಿ ಬರುತ್ತವೆ. ಎಂಬತ್ತರ ದಶಕದಲ್ಲಿ ಹಳ್ಳಿಯೊಂದರ ಶಾಲೆಯಲ್ಲಿದ್ದಾಗ ಪ್ರತಿ ಜೂನ್ ತಿಂಗಳು ದಾಖಲಾತಿ ಪುಸ್ತಕ ನನ್ನ ಕೈಯಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು. ಹೆಸರುಗಳಿಗೂ ನನ್ನದೇ ಕತ್ತರಿ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ದೃಷ್ಟಿಯಾಗದಿರಲಿ, ಸಾವು ಮೂಸಿ ನೋಡದಿರಲಿ ಎಂದು ತಿಪ್ಪೆಯ ಹೆಸರೋ ಗುಂಡಿಯ ಹೆಸರೋ ಇಡುತ್ತಾರೆ. ಒಬ್ಬ ಹುಡುಗಿಯ ಅಪ್ಪ ಕಂಬಳಿ ಹೊದ್ದು ನಿಂತು ಅಂಥದೊಂದು ಹೆಸರು ಹೇಳಿದ. ಕ್ಲಾಸಿನ ಮಕ್ಕಳು ನಕ್ಕಾರು ಎಂದು ನಾನೇ ಅದನ್ನು ಬಿಟ್ಟು ಎರಡಕ್ಷರದ ಒಂದು ಸಿನಿಮಾ ಹೆಸರು ಬರೆದೆ. ಅವನಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಲೂ ಇಲ್ಲ. ಅವಳು ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿಗೆ ಉಳಿದ ಐದನೆಯವಳು ಎಂದು ತಿಳಿದದ್ದು, ಅವಳೇ ದೊಡ್ಡವಳಾಗಿ ಯಾವುದೋ ಕಾ‌ಗದಕ್ಕೆ ಎರಡು ಹೆಸರೂ ತನ್ನದೇ ಎಂದು ಬರೆಸಲು ನನ್ನ ಬಳಿ ಬಂದಾಗ. "ಆ ಹೆಸ್ರು ಇಟ್ಟಿದ್ಕೇ ನಾನು ಉಳ್ದೆ ಅಂತ ನಮ್ಮವ್ವ ಹೇಳ್ತಾಳೆ ಮಿಸ್" ಎಂದಳು. ಬೈಯಲಿಲ್ಲ. ಕಾಫಿ ಕುಡಿದು ಹೋದಳು.

ಆ ಶಾಲೆಯ ಮಕ್ಕಳನ್ನೇ ಒಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರದ ಬೆಟ್ಟ. ೧೮೯೨ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಕಂಡುಹಿಡಿದರು. ಬಂಡೆಯ ಮೇಲೆ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದೆಲ್ಲ ಇದೆ. ಆದರೆ ಅದರಲ್ಲಿ ಅಶೋಕ ಎಂಬ ಹೆಸರೇ ಇಲ್ಲ, ಇರುವುದು ದೇವಾನಾಂಪ್ರಿಯ ಎಂಬ ಬಿರುದು. ಈ ದೇವಾನಾಂಪ್ರಿಯನೇ ಅಶೋಕ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ೧೯೧೫ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಎರಡೂ ಹೆಸರು ಒಟ್ಟಿಗೇ ಇದ್ದ ಶಾಸನ ದೊರೆತಾಗ. ಚಕ್ರವರ್ತಿಗೂ ಹೆಸರು ಮ್ಯಾಚ್ ಆಗಲು ಇನ್ನೊಂದು ಊರಿಗೆ ಓಡಾಡಬೇಕಾಯಿತು ಎಂದು ಅತ್ತೆಗೆ ಹೇಳಿದೆ. "ಅವನಿಗೇನು, ಪಿಂಚಣಿ ನಿಂತಿತ್ತಾ?" ಎಂದರು.

ನನಗೆ ಆ ಬಂಡೆಯ ಮೇಲೆ ಇಷ್ಟವಾದವನು ಚಕ್ರವರ್ತಿಯಲ್ಲ, ಬರೆದವನು. ಚಪಡ ಎಂದು ಅವನ ಹೆಸರು. ಕೊನೆಯಲ್ಲಿ, ಲಿಪಿಕಾರನಾದ ಚಪಡನು ಬರೆದದ್ದು ಎಂದು ಹಾಕಿಕೊಂಡಿದ್ದಾನೆ. ಅದರಲ್ಲಿ 'ಲಿಪಿಕಾರ' ಎಂಬ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆದಿಲ್ಲ. ವಾಯವ್ಯದ ಗಾಂಧಾರದ ಕಡೆ ನಡೆಯುತ್ತಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಉಳಿದ ಶಾಸನವನ್ನೆಲ್ಲ ಇಲ್ಲಿಗೆ ಬೇಕಾದ ಲಿಪಿಯಲ್ಲಿ ಬರೆದುಕೊಟ್ಟು, ತನ್ನ ಕಸುಬಿನ ಹೆಸರೊಂದನ್ನು ಮಾತ್ರ ತನಗೆ ಬೇಕಾದ ಅಕ್ಷರದಲ್ಲಿ ಇಟ್ಟುಕೊಂಡ. ತಿದ್ದಲು ಅಲ್ಲಿ ನಾನು ಇರಲಿಲ್ಲ, ಪುಣ್ಯ.

ಕೊನೆಗೆ ನೋಟರಿಯವರ ಬಳಿ ಹೋದೆವು. ಎಚ್ ಇರುವ ತಿಪ್ಪಮ್ಮನೂ ಎಚ್ ಇಲ್ಲದ ತಿಪ್ಪಮ್ಮನೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ. ಆಗಲೇ ಟೈಪಾಗಿತ್ತು. ಗುಮಾಸ್ತರು ಅತ್ತೆಯ ಮುಖ ನೋಡಿ ಇಂಕಿನ ಪ್ಯಾಡನ್ನು ಮುಂದಕ್ಕೆ ಸರಿಸಿದರು. ಅತ್ತೆ ಅದನ್ನು ಹಾಗೇ ಹಿಂದಕ್ಕೆ ಸರಿಸಿದರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಹಗಲೆಲ್ಲ ರಾಟೆ ತಿರುಗಿಸಿ, ರಾತ್ರಿ ಲಾಟೀನಿನ ಬೆಳಕಿನಲ್ಲಿ ಕಲಿತ ನಾಲ್ಕಕ್ಷರ ಅವರದು. ಪೆನ್ನು ತೆಗೆದುಕೊಂಡು, ನಾಲಿಗೆಯ ತುದಿಯನ್ನು ಸ್ವಲ್ಪ ಹೊರಗೆ ಚಾಚಿ, ತ ಬರೆದು ಗುಡಿಸು ಕೊಟ್ಟರು. ಪ ಬರೆದು ಅದರ ಕೆಳಗೆ ಒತ್ತು. ಮ ಬರೆದು ಅದಕ್ಕೂ ಒತ್ತು. ಬರೆದ ಮೇಲೆ ಕಾಗದವನ್ನು ದೂರ ಹಿಡಿದು ನೋಡಿ, ಗುಮಾಸ್ತರ ಮುಂದಿಟ್ಟು ಕೇಳಿದರು:

"ಇದ್ರಾಗೆ ಆ ಎಚ್ಚು ಎಲ್ಲಿ ಬರ್ತೈತಪ್ಪಾ, ತೋರ್ಸು?"